ರಕ್ತದೊತ್ತಡ: ಮಗಳು ಹೇಳಿಕೊಟ್ಟ ಪಾಠ

ಕಳೆದ ವರ್ಷ ನಮ್ಮ ಬ್ಯಾಂಕಿನಲ್ಲಿ ನಲವತ್ತು ದಾಟಿದ ಅಧಿಕಾರಿಗಳಿಗೆಲ್ಲ ವೈದ್ಯಕೀಯ ತಪಾಸಣೆ ನಡೆಯಿತು. ನನಗೆ ದೊರೆತ ಚೀಟಿಯ ಮೇಲೆ 156/98 ಎಂದು ಬರೆದಿತ್ತು. ಅಂಕೆಗಳ ನಡುವೆಯೇ ಆಯುಷ್ಯ ಸವೆಸುತ್ತಿರುವ ವಾಣಿಜ್ಯ ಪದವೀಧರನಾದ ನನಗೆ ಆ ಎರಡು ಅಂಕೆಗಳ ಅರ್ಥ ಮಾತ್ರ ತಿಳಿಯಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಬೆಳಗಿನ ಲೋಕಲ್ ಹಿಡಿಯಲು ಓಡುವ ಶಕ್ತಿಗೂ ಕೊರತೆಯಿರಲಿಲ್ಲ. ಆದರೆ ಕುಮಟೆಯಲ್ಲಿ ನನ್ನ ತಂದೆಯವರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾದಾಗ, ಅವರಿಗೂ ಹಿಂದಿನ ದಿನದವರೆಗೆ ಏನೂ ಆಗಿರಲಿಲ್ಲ. ಅವರ ರಕ್ತದೊತ್ತಡವನ್ನು ಅದಕ್ಕೆ ಮೊದಲು ಯಾರೂ ಅಳೆದಿರಲಿಲ್ಲ.

ಚೀಟಿಯನ್ನು ನೋಡಿದವಳು ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳು. "ಅಪ್ಪ, ಎಂ.ಎಂ. ಎಚ್.ಜಿ. ಎಂದು ಬರೆದಿದ್ದಾರೆ. ಎಚ್.ಜಿ. ಎಂದರೆ ಪಾದರಸ. ನಿಮ್ಮ ರಕ್ತದಲ್ಲಿ ಪಾದರಸ ಎಲ್ಲಿಂದ ಬಂತು?" ಎಂದು ಕೇಳಿದಳು. ಉತ್ತರಿಸಲು ನನಗೆ ಆಗಲಿಲ್ಲ. ಆ ಭಾನುವಾರ ಅವಳ ಭೌತಶಾಸ್ತ್ರದ ಪುಸ್ತಕವನ್ನೂ ಜೀವಶಾಸ್ತ್ರದ ಪುಸ್ತಕವನ್ನೂ ಮುಂದಿಟ್ಟುಕೊಂಡು ಇಬ್ಬರೂ ಕುಳಿತೆವು.

ದ್ರವದ ಒತ್ತಡವು ಅದರ ಎತ್ತರವನ್ನೂ ಸಾಂದ್ರತೆಯನ್ನೂ ಅವಲಂಬಿಸಿದೆಯೇ ಹೊರತು ಪಾತ್ರೆಯ ಅಗಲವನ್ನಲ್ಲ. ಮುಂಬಯಿಯ ಕಟ್ಟಡಗಳಲ್ಲಿ ವಾಸಿಸುವವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಟ್ಯಾಂಕಿನ ಕೆಳಗೇ ಇರುವ ನಾಲ್ಕನೆಯ ಮಾಳಿಗೆಯ ನಮ್ಮ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ. ನೆಲಮಾಳಿಗೆಯವರ ಬಕೆಟ್ಟು ಕ್ಷಣದಲ್ಲಿ ತುಂಬಿ ಹರಿಯುತ್ತದೆ. ಟೊರಿಚೆಲ್ಲಿ 1643ರಲ್ಲಿ ಗಾಳಿಯ ಒತ್ತಡವನ್ನು ಅಳೆಯಲು ಪಾದರಸವನ್ನು ಆಯ್ದುಕೊಂಡುದಕ್ಕೆ ಕಾರಣವೂ ಇಲ್ಲಿಯೇ ಇದೆ. ಅದು ನೀರಿಗಿಂತ 13.6 ಪಟ್ಟು ಭಾರ. ನೀರನ್ನು ಬಳಸಿದರೆ ಹತ್ತು ಮೀಟರಿಗೂ ಎತ್ತರದ ಕೊಳವೆ ಬೇಕು. ಪಾದರಸವಾದರೆ 760 ಮಿಲಿಮೀಟರು ಸಾಕು.

ರಕ್ತದ ಒತ್ತಡವನ್ನು ಮೊದಲು ಅಳೆದವನು ವೈದ್ಯನಲ್ಲ, ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಒಂದು ಹೆಣ್ಣು ಕುದುರೆಯ ಅಪಧಮನಿಗೆ ಉದ್ದವಾದ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತ 8 ಅಡಿ 3 ಅಂಗುಲ ಏರಿತೆಂದು 1733ರಲ್ಲಿ ಪ್ರಕಟಿಸಿದ. ಪಾಪ, ಕುದುರೆ! ನಮ್ಮ ಗತಿಯೇನೆಂದು ಡಿಪಾಜಿಟ್ ಚೀಟಿಯ ಬೆನ್ನ ಮೇಲೆ ಲೆಕ್ಕ ಹಾಕಿದೆವು. 120 ಮಿಲಿಮೀಟರನ್ನು 13.6ರಿಂದ ಗುಣಿಸಿದರೆ 1632. ಎಂದರೆ ನಮ್ಮ ಹೃದಯ ಪ್ರತಿ ಬಡಿತಕ್ಕೂ ನೀರನ್ನು ಐದು ಅಡಿ ನಾಲ್ಕು ಅಂಗುಲ ಎತ್ತುವಷ್ಟು ಒತ್ತಡವನ್ನು ಹುಟ್ಟಿಸುತ್ತದೆ. ಮುಷ್ಟಿಗಾತ್ರದ ಆ ಪಂಪು ನಿಮಿಷಕ್ಕೆ ಸುಮಾರು ಐದು ಲೀಟರಿನಂತೆ ದಿನಕ್ಕೆ ಏಳು ಸಾವಿರ ಲೀಟರು ರಕ್ತವನ್ನು ನೂಕುತ್ತದೆ. ನಮ್ಮ ಸೊಸೈಟಿಯ ಪಂಪು ವರ್ಷಕ್ಕೆ ಎರಡು ಬಾರಿ ಕೆಡುತ್ತದೆ.

ಅಂಕೆಗಳು ಎರಡೇಕೆ? ಹೃದಯ ಕುಗ್ಗಿ ರಕ್ತವನ್ನು ನೂಕಿದಾಗ ಒತ್ತಡ ಏರುತ್ತದೆ. ಇದು ಮೇಲಿನ ಅಂಕೆ. ಹೃದಯ ಹಿಗ್ಗಿ ಮತ್ತೆ ತುಂಬಿಕೊಳ್ಳುವಾಗ ಅಪಧಮನಿಗಳ ಸ್ಥಿತಿಸ್ಥಾಪಕ ಗೋಡೆ ರಕ್ತವನ್ನು ಒತ್ತುತ್ತಲೇ ಇರುವುದರಿಂದ ಒತ್ತಡ ಸೊನ್ನೆಗೆ ಇಳಿಯುವುದಿಲ್ಲ. ಇದು ಕೆಳಗಿನ ಅಂಕೆ. ತೋಳಿಗೆ ಗಾಳಿಪಟ್ಟಿ ಕಟ್ಟುವ ಉಪಕರಣವನ್ನು 1896ರಲ್ಲಿ ಇಟಲಿಯ ರಿವಾ-ರೋಚಿ ರೂಪಿಸಿದರು. ಪಟ್ಟಿ ಬಿಗಿದಾಗ ರಕ್ತದ ಹರಿವು ನಿಲ್ಲುತ್ತದೆ. ಗಾಳಿಯನ್ನು ಬಿಡುತ್ತ ಬಂದಂತೆ ಬಡಿತದ ಸದ್ದು ಕೇಳತೊಡಗುವಾಗಿನ ಅಂಕೆ ಮೇಲಿನದು, ಸದ್ದು ಅಡಗುವಾಗಿನದು ಕೆಳಗಿನದು ಎಂಬುದನ್ನು 1905ರಲ್ಲಿ ತೋರಿಸಿಕೊಟ್ಟವರು ರಷ್ಯಾದ ಶಸ್ತ್ರವೈದ್ಯ ಕೊರೊಟ್ಕೊಫ್. ಪಾದರಸ ವಿಷವಾದ್ದರಿಂದ ಹಳೆಯ ಉಪಕರಣಗಳು ಈಗ ಮರೆಯಾಗುತ್ತಿವೆ. ಬ್ಯಾಟರಿಯ ಯಂತ್ರಗಳು ಬಂದಿವೆ. ಆದರೂ ಅಳತೆಯ ಹೆಸರಿನಲ್ಲಿ ಪಾದರಸ ಉಳಿದುಕೊಂಡಿದೆ.

ಇಷ್ಟು ತಿಳಿದಾಗ ನನಗೊಂದು ನೆವ ಸಿಕ್ಕಿತು. ತಪಾಸಣೆಯ ದಿನ ನಾನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದೆ. ತೋಳು ಕುರ್ಚಿಯ ಪಕ್ಕದಲ್ಲಿ ಜೋತುಬಿದ್ದಿತ್ತು. ತೋಳು ಹೃದಯದ ಮಟ್ಟಕ್ಕಿಂತ ಒಂದು ಗೇಣು ಕೆಳಗಿದ್ದರೆ, ನೆಲಮಾಳಿಗೆಯ ನಲ್ಲಿಯ ನ್ಯಾಯದಂತೆ, ಅಂಕೆ ಹತ್ತಕ್ಕೂ ಹೆಚ್ಚು ಏರುತ್ತದೆ. ನಮ್ಮ ವೈದ್ಯರು ನನ್ನ ವಾದವನ್ನು ಒಪ್ಪಿದರು. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಧಾರ ಕೊಟ್ಟು, ತೋಳನ್ನು ಮೇಜಿನ ಮೇಲಿರಿಸಿ ಮೂರು ಬೇರೆ ಬೇರೆ ದಿನ ಅಳೆದರು. ಪ್ರತಿ ಬಾರಿಯೂ 140/90ಕ್ಕಿಂತ ಹೆಚ್ಚೇ ಬಂತು. ನೆವ ಅಲ್ಲಿಗೆ ಮುಗಿಯಿತು.

ಒತ್ತಡ ಹೆಚ್ಚುವುದರಲ್ಲಿ ರಕ್ತನಾಳಗಳ ಪಾಲು ದೊಡ್ಡದು. ಫ್ರಾನ್ಸಿನ ಪ್ವಾಜೇಯ್ ಕಂಡುಕೊಂಡ ನಿಯಮದಂತೆ, ಒತ್ತಡ ಬದಲಾಗದೆ ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಚಕ್ರಬಡ್ಡಿಯೂ ಇಷ್ಟು ನಿರ್ದಯಿಯಲ್ಲ. ಸಣ್ಣ ನಾಳಗಳು ತುಸು ಬಿಗಿದುಕೊಂಡರೂ ಅಷ್ಟೇ ರಕ್ತವನ್ನು ಸಾಗಿಸಲು ಹೃದಯ ಹೆಚ್ಚು ಬಲದಿಂದ ನೂಕಬೇಕು. ವರ್ಷಗಟ್ಟಲೆ ಹೀಗೆ ದುಡಿದ ಹೃದಯದ ಸ್ನಾಯು ದಪ್ಪವಾಗುತ್ತದೆ. ಮೂತ್ರಪಿಂಡ, ಕಣ್ಣು, ಮಿದುಳುಗಳ ನಾಳಗಳು ಜಖಂಗೊಳ್ಳುತ್ತವೆ. ಇದಾವುದೂ ನೋಯುವುದಿಲ್ಲವೆಂಬುದೇ ಭಯ.

ಉಪ್ಪಿನ ಕಥೆಯನ್ನು ಮಗಳು ಅಜ್ಜಿಯ ಅಪ್ಪೆಮಿಡಿ ಭರಣಿಯಿಂದಲೇ ವಿವರಿಸಿದಳು. ಉಪ್ಪಿನಲ್ಲಿ ಹಾಕಿದ ಮಿಡಿ ನೀರು ಬಿಟ್ಟು ಸುಕ್ಕುತ್ತದೆ. ಉಪ್ಪು ಇರುವೆಡೆಗೆ ನೀರು ಹೋಗುತ್ತದೆ. ದೇಹದಲ್ಲಿ ಉಪ್ಪು ಹೆಚ್ಚಾದರೂ ಅದರೊಡನೆ ನೀರು ಉಳಿದುಕೊಂಡು ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರುತ್ತದೆ. ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನೀಗ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ. ಅಂಕೆ ಇಳಿಯಿತೆಂದು ಅದನ್ನು ನಾನಾಗಿಯೇ ನಿಲ್ಲಿಸಕೂಡದೆಂದು ವೈದ್ಯರ ಕಟ್ಟಪ್ಪಣೆಯಿದೆ.

ಮೊನ್ನೆ ಬೇಸಗೆಯಲ್ಲಿ ಅಮ್ಮ ಊರಿನಿಂದ ಬಂದಾಗ ಮೊಮ್ಮಗಳು ಯಂತ್ರ ಹಿಡಿದು ಕುಳಿತಳು. ಅಜ್ಜಿಯ ತೋಳಿನಡಿ ದಿಂಬು ಒಟ್ಟಿ ಹೃದಯದ ಮಟ್ಟಕ್ಕೆ ತಂದಳು. "ನನಗೇನಾಗಿದೆ ಮಗಾ, ಗಟ್ಟಿಮುಟ್ಟಾಗಿದ್ದೇನೆ" ಎಂದು ಅಮ್ಮ ಶುರುಮಾಡಿದರು. "ಅಳೆಯುವಾಗ ಮಾತಾಡಬಾರದು, ಅಜ್ಜಿ" ಎಂದಳು. 168/94 ಬಂತು. ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ದೆ. ಅಪ್ಪೆಮಿಡಿಯ ವಿಷಯದಲ್ಲಿ ಅಜ್ಜಿ ಮೊಮ್ಮಗಳ ನಡುವೆ ಇನ್ನೂ ಒಪ್ಪಂದವಾಗಿಲ್ಲ.