ವರ್ಷಕ್ಕೆ ಮೂರೇ ದಿನ

ಈ ವಿಷಯ ಕೈಗೆತ್ತಿಕೊಂಡಾಗ ನನಗೇ ಸ್ವಲ್ಪ ಮುಜುಗರ ಆಗಿತ್ತು, ಒಪ್ಕೋತೀನಿ. ರಾತ್ರಿ ಊಟದ ಹೊತ್ತಿಗೆ ಟಿವಿ ಮುಂದೆ ಮನೆಮಂದಿಯೆಲ್ಲ ಕೂತಿರ್ತಾರೆ, ಆಗ ಕರಡಿಯ ವೀರ್ಯ ತೆಗೆಯೋದರ ಬಗ್ಗೆ ಮಾತಾಡೋದಾ? ಆದರೆ ಸ್ವಾಮಿ, ಹಸು ಕಟ್ಟಿದವರ ಮನೇಲಿ ಇದು ಹೊಸ ಮಾತೇ ಅಲ್ಲ. ಹಸು ಬೆದೆಗೆ ಬಂತು ಅಂದ್ರೆ ಡಾಕ್ಟ್ರಿಗೆ ಫೋನ್ ಹೋಗುತ್ತೆ. ಅವರು ಕ್ಯಾನ್ ಹಿಡ್ಕೊಂಡು ಬರ್ತಾರೆ, ಒಂದು ಸ್ಟ್ರಾ ತೆಗೀತಾರೆ, ಕೆಲಸ ಮುಗಿಸಿ ಹೋಗ್ತಾರೆ. ಆ ವಿದ್ಯೆಯನ್ನೇ ಪಾಂಡಾಗೂ ಹಚ್ಚಿದ್ರು. ಪಾಂಡಾ ಕೂಡ ಕರಡಿ ಕುಲದ್ದೇ.

ಆದರೆ ಲೆಕ್ಕ ಮಾತ್ರ ಬೇರೆ. ಹಸು ಈ ಸಲ ತಪ್ಪಿದರೆ 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತೆ. ಪಾಂಡಾ ಬರೋದು ವರ್ಷಕ್ಕೆ ಒಂದೇ ಸಲ, ವಸಂತದಲ್ಲಿ. ಅದರಲ್ಲೂ ಗರ್ಭ ನಿಲ್ಲುವ ಅವಧಿ ಒಂದರಿಂದ ಮೂರು ದಿನ. ಅದು ತಪ್ಪಿತೋ, ಮುಂದಿನ ವರ್ಷವೇ ಗತಿ. ಹಾಗಾಗಿ ವೈದ್ಯರು ದಿನಾ ಹೆಣ್ಣಿನ ಮೂತ್ರ ಪರೀಕ್ಷೆ ಮಾಡ್ತಾ ಕೂರ್ತಾರೆ. ಈಸ್ಟ್ರೋಜನ್ ಏರಿ ಏರಿ ಒಮ್ಮೆಲೇ ಇಳಿದಾಗ ಹೊತ್ತು ಬಂತು ಅಂತ ಅರ್ಥ.

ಗಂಡಿನದ್ದು ಇನ್ನೊಂದು ಪಾಡು. ಹೋರಿಯ ಹಾಗೆ ಅದನ್ನ ಮೂಗುದಾರ ಹಿಡಿದು ನಿಲ್ಲಿಸೋಕಾಗಲ್ಲ. ಅರಿವಳಿಕೆ ಕೊಟ್ಟು ಮಲಗಿಸಿ, ಗುದದ್ವಾರದ ಮೂಲಕ ಒಂದು ಸಾಧನ ಇಟ್ಟು, ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ವೀರ್ಯ ಪಡೀತಾರೆ. ತಕ್ಷಣ ಬಳಸಬಹುದು, ಇಲ್ಲವೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡಬಹುದು. ಹೆಣ್ಣಿಗೂ ಅರಿವಳಿಕೆ ಕೊಟ್ಟೇ ಗರ್ಭಕೋಶಕ್ಕೆ ಸೇರಿಸಬೇಕು. ಹೀಗೆ ಮೊದಲ ಪಾಂಡಾ ಮರಿ ಹುಟ್ಟಿದ್ದು 1978ರಲ್ಲಿ, ಬೀಜಿಂಗ್ ಮೃಗಾಲಯದಲ್ಲಿ.

ಇದೆಲ್ಲ ಅಪಾಯವಿಲ್ಲದ ಕೆಲಸ ಅಂದ್ಕೋಬೇಡಿ. 2010ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕೋಬೆ ನಗರದ ಮೃಗಾಲಯದಲ್ಲಿ ವೀರ್ಯ ಸಂಗ್ರಹಕ್ಕೆಂದು ಅರಿವಳಿಕೆ ಕೊಟ್ಟಿದ್ದ ಗಂಡು ಪಾಂಡಾ ಮತ್ತೆ ಏಳಲೇ ಇಲ್ಲ. ಸಂತತಿ ಉಳಿಸೋಕೆ ಹೋಗಿ ಇದ್ದ ಪ್ರಾಣವೇ ಹೋಯ್ತು.

ಹಾಗಾದ್ರೆ ಯಾಕೆ ಬೇಕು ಈ ಉಸಾಬರಿ? ಪಾನ್ ಪಾನ್ ಅಂತ ಒಂದು ಗಂಡು ಪಾಂಡಾ ಇತ್ತು. 2016ರಲ್ಲಿ ಸತ್ತಾಗ ಅದರ ಮಕ್ಕಳು ಮೊಮ್ಮಕ್ಕಳು ಸೇರಿ 130ಕ್ಕೂ ಹೆಚ್ಚು! ಮನುಷ್ಯರ ಆಶ್ರಯದಲ್ಲಿದ್ದ ಪಾಂಡಾಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲೊಂದು ಅದರ ರಕ್ತವೇ. ಹೀಗೇ ಬಿಟ್ಟರೆ ನಾಳೆ ಎಲ್ಲವೂ ದಾಯಾದಿಗಳೇ. ಕೂಡೋಕೆ ಒಲ್ಲದ, ದೂರದೂರಲ್ಲಿರುವ ಗಂಡಿನ ವಂಶವೂ ಮುಂದುವರೀಬೇಕು ಅಂದ್ರೆ ಸ್ಟ್ರಾ ಬೇಕೇ ಬೇಕು. ಪ್ರಾಣಿ ಸಾಗಿಸೋ ಬದಲು ಕ್ಯಾನ್ ಸಾಗಿಸಿದರಾಯ್ತು.

ಕೋವಿಡ್ ಕಾಲದ್ದೊಂದು ಪ್ರಸಂಗ ಕೇಳಿ. 2020ರ ಮಾರ್ಚ್. ವಾಷಿಂಗ್ಟನ್ನಿನ ಮೃಗಾಲಯದ ಮೇ ಶಿಯಾಂಗ್‌ಗೆ ಆಗ 21 ವರ್ಷ, ಪಾಂಡಾ ಲೆಕ್ಕದಲ್ಲಿ ಅಜ್ಜಿ. ಗಂಡಿಗೂ ಅರಿವಳಿಕೆ ಕೊಡಬೇಕು ಅಂದ್ರೆ ಇನ್ನಷ್ಟು ಜನ ಒತ್ತೊತ್ತಾಗಿ ನಿಲ್ಲಬೇಕು, ಸೋಂಕಿನ ಭಯ. ಹಾಗಾಗಿ ಹಿಂದೆ ತೆಗೆದಿಟ್ಟ ವೀರ್ಯವನ್ನೇ ಕರಗಿಸಿ ಬಳಸಿದ್ರು. ಆಗಸ್ಟ್ 21ಕ್ಕೆ ಮರಿ ಹುಟ್ಟೇಬಿಡ್ತು. ಹೆಸರು ಶಿಯಾವ್ ಚಿ ಜಿ, ಅಂದ್ರೆ ಪುಟ್ಟ ಪವಾಡ.

ಅದಕ್ಕೂ ಮೊದಲು ಪಟ್ಟ ಪಾಡು ಕಡಿಮೆಯಲ್ಲ. ಪಾಂಡಾ ಬಸಿರಾಗದೆಯೂ ಬಸಿರಿಯ ಹಾಗೆ ವರ್ತಿಸುತ್ತೆ, ಗೂಡು ಕಟ್ಟುತ್ತೆ, ಊಟ ಬಿಡುತ್ತೆ. ಹಾರ್ಮೋನ್ ಕೂಡ ಹಾಗೇ ತೋರಿಸುತ್ತೆ. ತಿಂಗಳುಗಟ್ಟಲೆ ಕಾದು ಕೊನೆಗೆ ಏನೂ ಇಲ್ಲ! ಹುಟ್ಟಿದರೂ ಮರಿಯ ತೂಕ ಸುಮಾರು 100 ಗ್ರಾಂ, ಒಂದು ಬೆಣ್ಣೆ ಪ್ಯಾಕೆಟ್‌ನಷ್ಟು.

ಇಷ್ಟೆಲ್ಲ ಹೇಳಿದ ಮೇಲೂ ನನಗೊಂದು ಅನುಮಾನ ಉಳಿದೇ ಇದೆ. ಈ ಕಷ್ಟವೆಲ್ಲ ಕರಡಿಗೋಸ್ಕರವೋ, ಟಿಕೆಟ್‌ಗೋಸ್ಕರವೋ? ಒಂದು ಜೋಡಿಗೆ ಚೀನಾಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಕೊಡ್ತಾರೆ, ಹುಟ್ಟಿದ ಮರಿಯೂ ಚೀನಾದ್ದೇ. ಇತ್ತ 2016ರಲ್ಲಿ ಪಾಂಡಾವನ್ನ ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಇಳಿಸಿದಾಗ ಎಣಿಸಿದ್ದು ಕಾಡಿನಲ್ಲಿದ್ದವನ್ನ. 1864 ಅಂತ ಸಿಕ್ಕ ಲೆಕ್ಕದಲ್ಲಿ ಬೋನಿನವು ಸೇರಿಲ್ಲ. ಅವನ್ನ ಉಳಿಸಿದ್ದು ಬಿದಿರು ಕಾಡು, ಮರ ಕಡಿಯೋದಕ್ಕೆ ಬಿದ್ದ ತಡೆ. ನಮ್ಮ ದರೋಜಿಯ ಕರಡಿಗಳನ್ನೇ ನೋಡಿ. ಅವಕ್ಕೆ ಸ್ಟ್ರಾ ಬೇಕಿಲ್ಲ. ಬಂಡೆ, ಗವಿ, ಗೆದ್ದಲಹುತ್ತ ಉಳಿದರೆ ಸಾಕು, ಮರಿಯನ್ನ ತಾವೇ ಬೆನ್ನ ಮೇಲೆ ಹೊತ್ಕೊಂಡು ಬರ್ತವೆ.

ಇನ್ನೂ ಒಂದಿದೆ. ತನಗೆ ಹಿಡಿಸಿದ ಜೋಡಿಯ ಜೊತೆ ಬಿಟ್ಟ ಪಾಂಡಾಗಳಿಗೆ ಹೆಚ್ಚು ಮರಿ ಆಗುತ್ತೆ ಅಂತ 2015ರ ಅಧ್ಯಯನವೊಂದು ತೋರಿಸಿತು. ಗಂಡು ಹೆಣ್ಣು ಒಪ್ಪಬೇಕು ಅನ್ನೋದನ್ನ ವಿಜ್ಞಾನಿಗಳು ಇಷ್ಟು ತಡವಾಗಿ ಬರೆದಿಟ್ಟಿದ್ದು ನೋಡಿ ನನಗೆ ನಗು ಬಂತು. ಹಾಂಗ್‌ಕಾಂಗ್‌ನ ಯಿಂಗ್ ಯಿಂಗ್, ಲೆ ಲೆ ಜೋಡಿ ಹತ್ತು ವರ್ಷ ಒಂದಾಗಿರಲಿಲ್ಲ. 2020ರ ಏಪ್ರಿಲ್‌ನಲ್ಲಿ, ಜನರಿಲ್ಲದೆ ಪಾರ್ಕು ಬಾಗಿಲು ಮುಚ್ಚಿದ್ದಾಗ, ತಾವಾಗೇ ಕೂಡಿದವು. ಆ ಸಲ ಮರಿ ಆಗಲಿಲ್ಲ. 2024ರ ಆಗಸ್ಟ್ 15ರಂದು, ಸಹಜ ಮಿಲನದಿಂದಲೇ, ಅವಳಿ ಹುಟ್ಟಿತು. ಒಂದು ಹೆಣ್ಣು, ಒಂದು ಗಂಡು.