ಮಾಲ್ಮೊದ ಹಳೆಯ ರಕ್ತ, ನಾಲ್ಕರ ಹಠ

ಸ್ವೀಡನ್ನಿನ ದಕ್ಷಿಣ ತುದಿಯ ಮಾಲ್ಮೊ ನಗರದಲ್ಲಿ 1974ರಿಂದ 1984ರ ನಡುವೆ 21 ಸಾವಿರಕ್ಕೂ ಹೆಚ್ಚು ಗಂಡಸರು ತಪಾಸಣೆಗೆ ಬಂದು ರಕ್ತ ಕೊಟ್ಟರು. ವಯಸ್ಸು 27ರಿಂದ 52. ಹೃದ್ರೋಗದಂಥ ಕಾಯಿಲೆಗಳನ್ನು ಮೊದಲೇ ತಡೆಯುವುದು ಅಲ್ಲಿನ ವೈದ್ಯರ ಉದ್ದೇಶವಾಗಿತ್ತು. ಪ್ರಾಸ್ಟೇಟ್ ಗ್ರಂಥಿ ಯಾರ ತಲೆಯಲ್ಲೂ ಇರಲಿಲ್ಲ. ಆ ಗ್ರಂಥಿ ಸ್ರವಿಸುವ ಪಿಎಸ್‌ಎ ಎಂಬ ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆ ಆಗಿನ್ನೂ ಚಾಲ್ತಿಗೇ ಬಂದಿರಲಿಲ್ಲ. ಉಳಿದ ರಕ್ತವನ್ನು ಯಾರೋ ಪುಣ್ಯಾತ್ಮರು ಚೆಲ್ಲದೆ ಶೀತಲಪೆಟ್ಟಿಗೆಯಲ್ಲಿಟ್ಟರು.

ಇತ್ತ ಅಮೆರಿಕದಲ್ಲಿ ಬೇರೆಯೇ ಗದ್ದಲ. 1979ರಲ್ಲಿ ಬಫಲೋದ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ಮಿಂಗ್ ಚು ತಂಡ ಪಿಎಸ್‌ಎಯನ್ನು ಶುದ್ಧೀಕರಿಸಿತು. 1986ರಲ್ಲಿ ಪರೀಕ್ಷೆಗೆ ಸರ್ಕಾರದ ಅನುಮತಿ ಸಿಕ್ಕಿದ್ದು ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಆಗಲೇ ಗೊತ್ತಿದ್ದವರ ಮೇಲೆ ನಿಗಾ ಇಡಲು ಮಾತ್ರ. 1994ರ ಹೊತ್ತಿಗೆ ಅದು ಕ್ಯಾನ್ಸರ್ ಪತ್ತೆಯ ಸಾಧನವೂ ಆಯಿತು. ಮಿಲಿಲೀಟರಿಗೆ 4 ನ್ಯಾನೊಗ್ರಾಂ ದಾಟಿದರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿ ಎಂಬುದು ರೂಢಿಯಾಯಿತು. ಈ 4 ಆಕಾಶದಿಂದ ಬಿದ್ದದ್ದಲ್ಲ. ಕಿಟ್ ತಯಾರಿಸಿದ ಕಂಪನಿ ಆರೋಗ್ಯವಂತ ಗಂಡಸರ ರಕ್ತ ಅಳೆದು ಎಳೆದ ಗೆರೆ ಅದು. ವಯಸ್ಸಿನ ಗೊಡವೆಯಿಲ್ಲದ ಗೆರೆ.

ಮೇಯೊ ಕ್ಲಿನಿಕ್‌ನ ಓಸ್ಟರ್‌ಲಿಂಗ್ 1993ರಲ್ಲೇ ತಕರಾರು ತೆಗೆದರು: ನಲವತ್ತರ ಹರೆಯದವನಿಗೆ ಮಿತಿ 2.5, ಎಪ್ಪತ್ತರವನಿಗೆ 6.5 ಇರಲಿ ಎಂದು. ಮಾತು ಸರಿಯಾಗಿಯೇ ಇತ್ತು, ಆದರೆ ಲ್ಯಾಬುಗಳ ವರದಿಯಲ್ಲಿ ‘0–4’ ಎಂಬ ಸಾಲು ಇವತ್ತಿಗೂ ಕದಲಿಲ್ಲ ಎನ್ನುವುದು ನನ್ನ ಸಿಟ್ಟು. 2004ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ನಾಲ್ಕರೊಳಗಿದ್ದವರಿಗೂ ಬಯಾಪ್ಸಿ ಮಾಡಿ ನೋಡಿದರೆ ಶೇ 15ರಷ್ಟು ಜನರಲ್ಲಿ ಕ್ಯಾನ್ಸರ್ ಕಣಗಳಿದ್ದವು. 1970ರಲ್ಲಿ ಪ್ರಾಸ್ಟೇಟ್ ಆಂಟಿಜೆನ್ ಕಂಡಿದ್ದ ರಿಚರ್ಡ್ ಆಬ್ಲಿನ್ ಅವರೇ 2010ರಲ್ಲಿ ಪತ್ರಿಕೆಯಲ್ಲಿ ಬರೆದು, ಸಾರಾಸಗಟು ತಪಾಸಣೆಗೆ ಇದನ್ನು ಬಳಸುವುದು ಅನಾಹುತ ಎಂದು ಜರೆದರು.

ಈ ಜಗಳದಲ್ಲಿ ಉಪಯೋಗಕ್ಕೆ ಬಂದದ್ದು ಮಾಲ್ಮೊದ ರಕ್ತ. ಸಂಶೋಧಕರಾದ ಹಾನ್ಸ್ ಲಿಲ್ಯಾ, ಆಂಡ್ರ್ಯೂ ವಿಕರ್ಸ್ ಮತ್ತು ಸಂಗಡಿಗರು ಅದನ್ನು ತೆಗೆದು ಪಿಎಸ್‌ಎ ಅಳೆದು, ಮರಣದ ದಾಖಲೆಗಳೊಂದಿಗೆ ತಾಳೆ ನೋಡಿದರು. ಮಾಲ್ಮೊದಲ್ಲಿ ಆ ಕಾಲಕ್ಕೆ ಪಿಎಸ್‌ಎ ತಪಾಸಣೆಯ ಭರಾಟೆ ಇರಲಿಲ್ಲವಾದ್ದರಿಂದ ರೋಗ ತನ್ನ ಪಾಡಿಗೆ ಸಾಗಿದ ದಾರಿ ಅಲ್ಲಿ ಸಿಕ್ಕಿತು. 2013ರ ವರದಿಯ ಪ್ರಕಾರ ಮುಂದಿನ 25–30 ವರ್ಷಗಳ ಪ್ರಾಸ್ಟೇಟ್ ಕ್ಯಾನ್ಸರ್ ಸಾವುಗಳಲ್ಲಿ ಶೇ 44ರಷ್ಟು, 45–49ರ ವಯಸ್ಸಿನಲ್ಲಿ ಪಿಎಸ್‌ಎ ಅತಿ ಹೆಚ್ಚಿದ್ದ ಹತ್ತನೇ ಒಂದು ಪಾಲಿನವರದ್ದೇ. ಆ ‘ಹೆಚ್ಚು’ ಶುರುವಾಗುವುದು 1.6ರಿಂದ! ನಾಲ್ಕರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಹಾಗೆಂದು 1.6 ಬಂದವನನ್ನು ಸೂಜಿಗೆ ಒಡ್ಡಿರೆಂದು ಅರ್ಥವಲ್ಲ. ಅವನನ್ನು ಮರೆಯಬೇಡಿ ಎಂದಷ್ಟೇ. ಕಿರಿಯರಲ್ಲಿ ಪಿಎಸ್‌ಎ ಏರುವುದಕ್ಕೆ ಗ್ರಂಥಿಯ ಉರಿಯೂತ, ಮೂತ್ರದ ಸೋಂಕು, ಹಿಂದಿನ ದಿನದ ವೀರ್ಯಸ್ಖಲನ, ದೀರ್ಘ ಸೈಕಲ್ ಸವಾರಿ ಇಂಥವೂ ಕಾರಣವಾಗಬಹುದು. ಆದ್ದರಿಂದ ವೈದ್ಯರು ಮೊದಲು ಇವನ್ನೆಲ್ಲ ವಿಚಾರಿಸಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಅಳೆಯುತ್ತಾರೆ. 2014ರಲ್ಲಿ ಶುರುವಾದ ಜರ್ಮನಿಯ ಪ್ರೊಬೇಸ್ ಅಧ್ಯಯನದಲ್ಲಿ 45ರ ವಯಸ್ಸಿನವರಲ್ಲಿ ಮೊದಲ ಸಲ 3 ದಾಟಿದವರ ಪೈಕಿ ಅರ್ಧದಷ್ಟು ಜನರಿಗೆ ಮಾತ್ರ ಎರಡನೇ ಸಲವೂ ಅದು ಖಾತ್ರಿಯಾಯಿತು. ಲಕ್ಷಣವೇನೂ ಇಲ್ಲದಿದ್ದರೂ ಆಂಟಿಬಯಾಟಿಕ್ ಕೊಟ್ಟು ಇಳಿಯುತ್ತದೋ ನೋಡುವ ಹಳೆಯ ಚಾಳಿಗೆ ಈಗಿನ ಮಾರ್ಗಸೂಚಿಗಳ ಬೆಂಬಲವಿಲ್ಲ.

ಮತ್ತೆಯೂ ಇಳಿಯದಿದ್ದರೆ ಅಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಇತ್ತೇ, ಕುಟುಂಬದಲ್ಲಿ ಬಿಆರ್‌ಸಿಎ2 ಜೀನಿನ ದೋಷ ಇದೆಯೇ ಎಂಬ ಪ್ರಶ್ನೆಗಳು, ಗ್ರಂಥಿಯ ಗಾತ್ರಕ್ಕೆ ಪಿಎಸ್‌ಎಯನ್ನು ತೂಗಿ ನೋಡುವ ಲೆಕ್ಕ, ಎಂಆರ್‌ಐ. ಅದರಲ್ಲಿ ಶಂಕೆ ಮೂಡಿದರೆ ಬಯಾಪ್ಸಿ. ಕಡಿಮೆ ಅಪಾಯದ ಗಡ್ಡೆ ಕಂಡರೂ ಎಷ್ಟೋ ಮಂದಿಗೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆಗಾಗ ಪರೀಕ್ಷಿಸುತ್ತ ಕಾಯುವ ಈ ಪದ್ಧತಿಯನ್ನು ಟೊರಾಂಟೊದ ಲಾರೆನ್ಸ್ ಕ್ಲಾಟ್ಜ್ 1990ರ ದಶಕದಲ್ಲೇ ಆರಂಭಿಸಿದ್ದರು. ಇನ್ನು ಮೂರನ್ನು ಮುಟ್ಟದವರ ಮಾತು: ಪ್ರೊಬೇಸ್ ನಿಯಮದಂತೆ 1.5ಕ್ಕಿಂತ ಕಡಿಮೆ ಇದ್ದವರು ಐದು ವರ್ಷದ ಮೇಲೆ ಬಂದರೆ ಸಾಕು, 1.5ರಿಂದ 3ರ ನಡುವಿನವರು ಎರಡು ವರ್ಷಕ್ಕೆ.