ಪರದೆಯ ಮೇಲಿನ ನಯಗತಿ

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬಸ್ಸು ಮೊದಲು ಮೆಲ್ಲಗೆ ಜರುಗಿ, ಊರು ದಾಟಿ ವೇಗ ಹಿಡಿದು, ತಿಕೋಟಾ ಸಮೀಪಿಸಿದಂತೆ ನಿಧಾನವಾಗಿ ನಿಲ್ಲುತ್ತದೆ. ಒಮ್ಮೆಲೇ ಪೂರ್ಣ ವೇಗದಲ್ಲಿ ಹೊರಟು ಒಮ್ಮೆಲೇ ನಿಂತರೆ ಒಳಗೆ ನಿಂತವರ ಗತಿಯೇನು! ಗಣಕದ ಪರದೆಯ ಮೇಲೆ ಚಿತ್ರವನ್ನೋ ಅಕ್ಷರವನ್ನೋ ಸರಿಸುವಾಗಲೂ ಇದೇ ನಿಯಮವುಂಟು. ಅದಕ್ಕೆ 'ಈಸಿಂಗ್' ಎಂದು ಹೆಸರು. ನಾನು 'ನಯಗತಿ' ಎನ್ನುತ್ತೇನೆ.

ಲೆಕ್ಕವು ಕಠಿಣವಾದುದಲ್ಲ. ಕಳೆದ ಕಾಲವನ್ನು 'ಕ' ಎನ್ನೋಣ. ಆರಂಭಕ್ಕೆ 0, ಕೊನೆಗೆ 1. ಸಮವೇಗವಾದರೆ ಸರಿದ ದೂರವೂ 'ಕ'ದಷ್ಟೇ. ಅದರ ಬದಲು 'ಕ'ದ ವರ್ಗವನ್ನು 3ರಿಂದ ಗುಣಿಸಿ, ಅದರಲ್ಲಿ 'ಕ'ದ ಘನದ ಎರಡರಷ್ಟನ್ನು ಕಳೆಯಿರಿ. ಆಗ ಕಾಲ 0.1 ಆದಾಗ ದೂರ 0.028 ಮಾತ್ರ; 0.5ಕ್ಕೆ ಸರಿಯಾಗಿ ಅರ್ಧ, 0.9ಕ್ಕೆ 0.972. ಬಸ್ಸಿನ ನಡೆಯೇ ಅಲ್ಲವೆ?

ಜಾಲಪುಟಗಳ ಸಿಎಸ್‌ಎಸ್‌ನಲ್ಲಿ ಇದನ್ನು ಬೆಜಿಯೆ ವಕ್ರರೇಖೆಯಿಂದ ಸಾಧಿಸುತ್ತಾರೆ. ಪಿಯರ್ ಬೆಜಿಯೆ ಎಂಬವರು 1960ರ ದಶಕದಲ್ಲಿ ಫ್ರಾನ್ಸಿನ ರೆನೋ ಕಂಪನಿಯಲ್ಲಿ ಮೋಟಾರಿನ ಮೈಮಾಟ ರೂಪಿಸಲು ಬಳಸಿದ ರೇಖೆಯಿದು. ಮೋಟಾರಿನ ಮೈಗೆ ಹುಟ್ಟಿದ್ದು ಓಟಕ್ಕೂ ಒದಗಿದ್ದು ವಿನೋದವೇ ಸರಿ.

ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಬಬಲೇಶ್ವರದಲ್ಲಿರುವ ತಂದೆಯವರಿಗಾಗಿ ಒಣದ್ರಾಕ್ಷಿಯ ಧಾರಣೆ ತೋರಿಸುವ ಪುಟವೊಂದನ್ನು ಬರೆದೆ. ದರ ಏರಿದ ಮಾಲಿನ ಸಾಲು ಮೇಲಕ್ಕೆ ಬರುತ್ತದೆ. ಅದು ಥಟ್ಟನೆ ಜಿಗಿದರೆ, ಅಕ್ಷರ ಕೂಡಿಸಿ ಓದುವ ಅವರಿಗೆ ಯಾವುದು ಎಲ್ಲಿ ಹೋಯಿತೆಂದು ತಿಳಿಯದು. ಅರ್ಧ ಸೆಕೆಂಡಿನಲ್ಲಿ ನಯವಾಗಿ ಸರಿದರೆ ಅವರ ಬೆರಳು ಅದರ ಬೆನ್ನು ಹತ್ತುತ್ತದೆ. ಬರಿಯ ಅಲಂಕಾರಕ್ಕಾಗಿ ಕುಣಿಸುವುದು ನನಗೆ ಸೇರದು. ಇಂಥ ಚಲನೆಯಿಂದ ತಲೆಸುತ್ತು ಬರುವವರೂ ಇದ್ದಾರೆ; ಅವರು ತಮ್ಮ ಯಂತ್ರದಲ್ಲಿ ಚಲನೆಯನ್ನು ತಗ್ಗಿಸಿಟ್ಟುಕೊಂಡಿದ್ದರೆ, ಪುಟವು ಅದನ್ನು ವಿಚಾರಿಸಿ, ಸಾಲನ್ನು ಓಡಿಸದೆ ಬಣ್ಣದಿಂದ ಗುರುತಿಸಬೇಕು.